ಚೆಸ್ ಓಪನಿಂಗ್ ತಯಾರಿ ಮತ್ತು ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಚೆಸ್ ಆಡುವವರು ಮಾತಿಗೆ ಕೂತಾಗಲೂ ಪತ್ರ ಬರೆದಾಗಲೂ ನನ್ನನ್ನು ಹೆಚ್ಚಾಗಿ ಕೇಳುವುದು ಓಪನಿಂಗ್ ಬಗ್ಗೆ, ಅಂದರೆ ಆಟದ ಮೊದಲ ಹತ್ತು ಹದಿನೈದು ನಡೆಗಳ ಬಗ್ಗೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು. ರೂಕ್‌ಗೆ ಆನೆ, ಬಿಷಪ್‌ಗೆ ಒಂಟೆ, ಪಾನ್‌ಗೆ ಕಾಲಾಳು, ಕ್ವೀನ್‌ಗೆ ರಾಣಿ ಎಂದು ಬರೆದಿದ್ದೇನೆ. ಮನೆಗಳ ಹೆಸರು ಇ4, ಎಫ್3 ಎಂಬಂತೆ ಇರುತ್ತದೆ. ಕಾಯಿಯ ಹೆಸರಿಲ್ಲದೆ ಮನೆ ಮಾತ್ರ ಬರೆದಿದ್ದರೆ ಅದು ಕಾಲಾಳಿನ ನಡೆ. ಉದಾಹರಣೆ ಬಂದಲ್ಲೆಲ್ಲ ಬೋರ್ಡ್ ಮೇಲೆ ಕಾಯಿ ಇಟ್ಟುಕೊಂಡೇ ಓದಿ.

## ಈಗಷ್ಟೇ ಶುರು ಮಾಡಿದವರಿಗೆ

ಕಾಯಿಗಳ ನಡೆ ಗೊತ್ತು, ಆಡಲು ಶುರು ಮಾಡಿ ಆರು ತಿಂಗಳಾಯ್ತು. ಈಗಲೇ ಓಪನಿಂಗ್ ಕಲೀಬೇಕಾ?

ಹೆಸರಿರುವ ಓಪನಿಂಗ್‌ಗಳ ಸಾಲು ಸಾಲು ನಡೆಗಳು ಈಗ ಬೇಡ. ಬಿಳಿಗೆ ಮೊದಲ ನಡೆಗೇ 20 ಆಯ್ಕೆ, ಕಪ್ಪಿಗೂ 20. ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ 400 ಬೇರೆ ಬೇರೆ ಸ್ಥಿತಿಗಳು ಸಾಧ್ಯ. ಇದನ್ನು ಬಾಯಿಪಾಠದಿಂದ ಹಿಡಿಯಲು ಹೊರಟವರು ಸುಸ್ತಾಗುತ್ತಾರೆ ಅಷ್ಟೆ. ನಡುವಿನ ಮನೆಗಳಿಗೆ ಕಾಲಾಳು ತನ್ನಿ, ಕುದುರೆ ಒಂಟೆಗಳನ್ನು ಹೊರಗೆ ತೆಗೆಯಿರಿ, ಹತ್ತು ನಡೆಯೊಳಗೆ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರ ಮಾಡುವ ನಡೆ) ಮುಗಿಸಿ, ಕಾರಣವಿಲ್ಲದೆ ಒಂದೇ ಕಾಯಿಯನ್ನು ಎರಡು ಸಲ ಆಡಿಸಬೇಡಿ. ಈ ಹಂತದಲ್ಲಿ ಆಟ ಸೋಲುವುದು ಬಹುಪಾಲು ಕಾಯಿಯನ್ನು ಪುಕ್ಕಟೆ ಬಿಟ್ಟುಕೊಡುವುದರಿಂದ. ಪ್ರತಿ ನಡೆಗೆ ಮುಂಚೆ ‘ಅವನು ಈಗ ಏನನ್ನು ಹೊಡೆಯಬಹುದು?’ ಎಂದು ಕೇಳಿಕೊಳ್ಳುವ ಅಭ್ಯಾಸ ಬಂದರೆ ಯಾವ ಓಪನಿಂಗ್ ಪಾಠಕ್ಕಿಂತಲೂ ಹೆಚ್ಚು ಆಟಗಳು ಉಳಿಯುತ್ತವೆ.

ನಾಲ್ಕೇ ನಡೆಯಲ್ಲಿ ರಾಣಿ ತಂದು ಮೇಟ್ ಮಾಡಿಬಿಡ್ತಾರೆ. ತಡೆಯೋದು ಹೇಗೆ?

ಬಿಳಿ ಇ4, ನೀವು ಇ5. ಬಿಳಿ ರಾಣಿ ಎಚ್5ಕ್ಕೆ ಬರುತ್ತದೆ. ಹೆದರಿ ಕೂಡಲೇ ಜಿ6 ಆಡಿ ರಾಣಿಯನ್ನು ಅಟ್ಟಲು ಹೋಗಬೇಡಿ. ರಾಣಿ ಇ5ರ ಕಾಲಾಳು ಹೊಡೆದು ಚೆಕ್ ಕೊಡುತ್ತದೆ, ಅದೇ ಹೊತ್ತಿಗೆ ಎಚ್8ರಲ್ಲಿರುವ ನಿಮ್ಮ ಆನೆಯ ಮೇಲೂ ಕಣ್ಣಿಟ್ಟಿರುತ್ತದೆ. ಆನೆ ಹೋಯಿತು. ಮೊದಲು ಕುದುರೆಯನ್ನು ಸಿ6ಕ್ಕೆ ತಂದು ಇ5 ಕಾಯಿರಿ. ಬಿಳಿ ಒಂಟೆಯನ್ನು ಸಿ4ಕ್ಕೆ ತಂದು ಎಫ್7ರ ಮೇಲೆ ಮೇಟ್ ಬೆದರಿಕೆ ಹಾಕಿದಾಗ ಜಿ6 ಆಡಿ, ಈಗ ಅದು ಸರಿಯಾದ ನಡೆ. ರಾಣಿ ಎಫ್3ಕ್ಕೆ ಹೋಗಿ ಮತ್ತೆ ಬೆದರಿಸಿದರೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತನ್ನಿ. ನಿಮ್ಮ ಎರಡು ಕುದುರೆಗಳು ಹೊರಬಂದವು, ಬಿಳಿಯ ರಾಣಿ ಸುಮ್ಮನೆ ಅಲೆದಾಡಿತು. ಎರಡೂ ಕಡೆ ಜಿ6 ಅದೇ ನಡೆ, ಒಂದು ನಡೆ ಮುಂಚೆ ಆಡಿದರೆ ಆನೆ ಹೋಗುತ್ತದೆ, ಒಂದು ನಡೆ ತಡೆದು ಆಡಿದರೆ ನೀವೇ ಮೇಲು. ಓಪನಿಂಗ್‌ನಲ್ಲಿ ನಡೆಗಳ ಅನುಕ್ರಮ ಎಂದರೆ ಏನು ಎನ್ನುವುದು ಇಲ್ಲೇ ತಿಳಿಯುತ್ತದೆ.

ಬಿಳಿಯಲ್ಲಿ ಯಾವುದು ಆಡಲಿ, ಕಪ್ಪಿನಲ್ಲಿ ಯಾವುದು? ಒಂದೊಂದು ಹೆಸರು ಹೇಳಿಬಿಡಿ ಸಾಕು.

ಬಿಳಿಯಲ್ಲಿ ಇ4, ಎದುರಾಳಿ ಇ5 ಎಂದರೆ ಇಟಾಲಿಯನ್: ಕುದುರೆ ಎಫ್3ಕ್ಕೆ, ಒಂಟೆ ಸಿ4ಕ್ಕೆ, ಆಮೇಲೆ ಸಿ3, ಡಿ3, ಕ್ಯಾಸ್ಲಿಂಗ್, ಸಮಯ ನೋಡಿಕೊಂಡು ಡಿ4. ಕಪ್ಪಿನಲ್ಲಿ ಇ4ಗೆ ಎದುರು ಇ5 ಅಥವಾ ಕಾರೋ-ಕಾನ್, ಡಿ4ಗೆ ಎದುರು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ (ಡಿ5, ಬಿಳಿ ಸಿ4 ಆಡಿದರೆ ಇ6).

ಇವನ್ನೇ ಏಕೆ ಹೇಳುತ್ತೇನೆ ಎಂದರೆ, ಇವುಗಳಲ್ಲಿ ಪ್ರತಿ ನಡೆಗೂ ಕಾರಣ ಕಣ್ಣಿಗೆ ಕಾಣುತ್ತದೆ. ಕಾರೋ-ಕಾನ್ ನೋಡಿ: ಬಿಳಿ ಇ4, ಕಪ್ಪು ಸಿ6, ಬಿಳಿ ಡಿ4, ಕಪ್ಪು ಡಿ5. ಬಿಳಿ ಇ5ಕ್ಕೆ ತಳ್ಳಿದರೆ ಕಪ್ಪಿನ ಒಂಟೆ ಸಿ8ರಿಂದ ಎಫ್5ಕ್ಕೆ ಹೊರಬರುತ್ತದೆ, ಆಮೇಲೆ ಇ6 ಆಡಿ ಬಾಗಿಲು ಹಾಕಿಕೊಳ್ಳಬಹುದು. ಫ್ರೆಂಚ್ ಡಿಫೆನ್ಸ್‌ನಲ್ಲಿ ಇ6 ಮೊದಲೇ ಬಂದುಬಿಡುವುದರಿಂದ ಅದೇ ಒಂಟೆ ಒಳಗೇ ಉಳಿದು ಬಹಳ ಹೊತ್ತು ಕೆಲಸಕ್ಕೆ ಬರುವುದಿಲ್ಲ. ಸಿ6 ಏಕೆ ಎಂದು ಇಷ್ಟು ಗೊತ್ತಾದವರು ಕಾರೋ-ಕಾನ್ ಅರ್ಧ ಕಲಿತಂತೆ.

ಲಂಡನ್ ಸಿಸ್ಟಮ್ ಆಡಿದರೆ ಏನೂ ಓದೋದೇ ಬೇಡ ಅಂತಾರೆ. ನಿಜಾನಾ?

ಅರ್ಧ ನಿಜ. ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3 ಎಂದು ಎದುರಾಳಿ ಏನೇ ಆಡಿದರೂ ಬಹುಪಾಲು ಅದೇ ಮನೆಗಳಿಗೆ ಕಾಯಿ ತರಬಹುದು. ಸಮಯವಿಲ್ಲದವರಿಗೆ ಅದು ದೊಡ್ಡ ಅನುಕೂಲ. ಆದರೆ ಒಂಟೆ ಸಿ1 ಬಿಟ್ಟು ಹೊರಟ ಕ್ಷಣದಿಂದ ಬಿ2ರ ಕಾಲಾಳಿಗೆ ಕಾವಲಿಲ್ಲ. ಕಪ್ಪು ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇಟ್ಟುಕೊಳ್ಳದೆ ಲಂಡನ್ ಆಡಬೇಡಿ.

## ಕಲಿತದ್ದು ತಲೆಯಲ್ಲಿ ಉಳಿಯಬೇಕಾದರೆ

ನಡೆಗಳನ್ನು ಬಾಯಿಪಾಠ ಮಾಡ್ತೀನಿ, ಹದಿನೈದು ದಿನಕ್ಕೆ ಎಲ್ಲ ಮರೆತುಹೋಗುತ್ತೆ. ನನ್ನ ನೆನಪಿನ ಶಕ್ತಿಯೇ ಕಡಿಮೆಯಾ?

ಖಂಡಿತ ಅಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಚೆಸ್ ಆಟಗಾರರಿಗೆ ಒಂದು ಸ್ಥಿತಿಯನ್ನು 5 ಸೆಕೆಂಡ್ ತೋರಿಸಿ, ನೆನಪಿನಿಂದ ಕಾಯಿ ಇಡಲು ಹೇಳಿದರು. ನಿಜವಾದ ಆಟದಿಂದ ತೆಗೆದ ಸ್ಥಿತಿಯಾದರೆ ಮಾಸ್ಟರ್ ಆಟಗಾರ ಬಹುತೇಕ ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ ಕೆಲವೇ ಕಾಯಿ ಇಟ್ಟ. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಮಾಸ್ಟರನ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅವನು ನೆನಪಿಟ್ಟುಕೊಂಡದ್ದು ಕಾಯಿಗಳ ನಡುವಿನ ಸಂಬಂಧವನ್ನು. ಅರ್ಥ ಇಲ್ಲದ ಕಡೆ ಅವನಿಗೂ ನೆನಪು ಕೈಕೊಡುತ್ತದೆ.

ಹಾಗಾಗಿ ನಡೆಯ ಜೊತೆ ಕಾರಣ ಸೇರಿಸಿ ಕಲಿಯಿರಿ. ಒಂದು ಉದಾಹರಣೆ: ಇ4, ಇ5. ಬಿಳಿಯ ಕುದುರೆ ಎಫ್3, ಕಪ್ಪಿನದು ಸಿ6. ಬಿಳಿ ಒಂಟೆ ಬಿ5 (ಈ ಓಪನಿಂಗ್ ಹೆಸರು ರುಯ್ ಲೋಪೆಜ್), ಕಪ್ಪು ಎ6. ಬಿಳಿ ಒಂಟೆ ಸಿ6ರ ಕುದುರೆಯನ್ನು ಹೊಡೆಯುತ್ತದೆ. ಕಪ್ಪು ಬಿ ಕಾಲಾಳಿನಿಂದ ಹೊಡೆಯುವುದು ಸಹಜ ಅನ್ನಿಸುತ್ತದೆ, ಆದರೆ ಪುಸ್ತಕಗಳು ಡಿ ಕಾಲಾಳಿನಿಂದ ಹೊಡೆಯಲು ಹೇಳುತ್ತವೆ. ಏಕೆ? ಬಿಳಿ ಕುದುರೆ ಈಗ ಇ5ರ ಕಾಲಾಳು ಹೊಡೆದರೆ ಕಪ್ಪಿನ ರಾಣಿ ತೆರೆದ ಡಿ ಸಾಲಿನಲ್ಲಿ ನೇರ ಡಿ4ಕ್ಕೆ ಬಂದು ಆ ಕುದುರೆ ಮತ್ತು ಇ4ರ ಕಾಲಾಳು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಕುದುರೆ ಹಿಂದೆ ಸರಿಯುತ್ತದೆ, ರಾಣಿ ಇ4 ಹೊಡೆಯುತ್ತದೆ, ಲೆಕ್ಕ ಸಮ. ಬಿ ಕಾಲಾಳಿನಿಂದ ಹೊಡೆದಿದ್ದರೆ ಡಿ7ರ ಸ್ವಂತ ಕಾಲಾಳೇ ರಾಣಿಯ ದಾರಿಗೆ ಅಡ್ಡ. ಇದನ್ನು ಒಮ್ಮೆ ಕೈಯಾರೆ ಕಾಯಿ ಇಟ್ಟು ನೋಡಿದವರು ಮರೆಯುವುದು ಕಷ್ಟ.

ಆಮೇಲೆ ಮೆಲುಕು ಹಾಕಬೇಕು. ಕಲಿತ ಮಾರನೆಯ ದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಹೀಗೆ ಅಂತರ ಹಿಗ್ಗಿಸುತ್ತ ಹೋಗಿ. ನೋಡಿಕೊಂಡು ಓದುವುದು ಲೆಕ್ಕಕ್ಕಿಲ್ಲ. ಪುಸ್ತಕ ಮುಚ್ಚಿ, ಬೋರ್ಡ್ ಮೇಲೆ ನಡೆ ಆಡಿ, ತಪ್ಪಿದಲ್ಲಿ ನಿಲ್ಲಿ.

ಎಷ್ಟನೇ ನಡೆವರೆಗೆ ಕಲಿಯಬೇಕು?

ನಿಮ್ಮ ಎದುರಾಳಿಗಳು ನಿಜವಾಗಿ ಎಷ್ಟನೇ ನಡೆವರೆಗೆ ಬರುತ್ತಾರೋ ಅದಕ್ಕಿಂತ ಎರಡು ನಡೆ ಹೆಚ್ಚು. ನಿಮ್ಮ ಇತ್ತೀಚಿನ ಇಪ್ಪತ್ತು ಆಟ ತೆಗೆದು, ಪ್ರತಿಯೊಂದರಲ್ಲೂ ನಿಮಗೆ ಗೊತ್ತಿದ್ದ ದಾರಿ ಎಷ್ಟನೇ ನಡೆಗೆ ಮುಗಿಯಿತು ಎಂದು ಗುರುತು ಮಾಡಿ. ಹೆಚ್ಚಿನವರಿಗೆ ಆ ಸಂಖ್ಯೆ ಐದೋ ಆರೋ ಬರುತ್ತದೆ. ಅಂಥವರು ಹದಿನೆಂಟನೇ ನಡೆಯ ಸೂಕ್ಷ್ಮ ಓದುತ್ತಿದ್ದರೆ ಆ ಸಮಯ ವ್ಯರ್ಥ.

ನಾನು ಕಲಿತ ಹಾಗೆ ಎದುರಾಳಿ ಆಡೋದೇ ಇಲ್ಲ. ಆಗ ತಲೆ ಖಾಲಿ. ಏನು ಮಾಡಲಿ?

ಅದು ಎಲ್ಲ ಮಟ್ಟದಲ್ಲೂ ಆಗುತ್ತದೆ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಫ್ರ್ಯಾಂಕ್ ಮಾರ್ಷಲ್ ಅವರು ಮುಂದೆ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕಾ ವಿರುದ್ಧ ರುಯ್ ಲೋಪೆಜ್‌ನ ಎಂಟನೇ ನಡೆಗೆ ಡಿ5 ಆಡಿ ಒಂದು ಕಾಲಾಳನ್ನು ಬಲಿ ಕೊಟ್ಟು ದಾಳಿಗೆ ಇಳಿದರು. ಅದೇ ಇಂದಿಗೂ ಮಾರ್ಷಲ್ ಅಟ್ಯಾಕ್ ಎಂದು ಹೆಸರಾದ ಭಯಂಕರ ದಾಳಿ. ಕಾಪಾಬ್ಲಾಂಕಾ ಬೋರ್ಡ್ ಮುಂದೆಯೇ ಯೋಚಿಸಿ, ಕಾಲಾಳು ತೆಗೆದುಕೊಂಡು, ಒಂದೊಂದೇ ಬೆದರಿಕೆ ತಪ್ಪಿಸುತ್ತ 36 ನಡೆಗಳಲ್ಲಿ ಗೆದ್ದರು. ಅಲ್ಲಿ ಅವರಿಗೆ ನೆನಪು ಸಹಾಯಕ್ಕೆ ಬರಲಿಲ್ಲ, ಲೆಕ್ಕಾಚಾರ ಬಂತು.

ಗೊತ್ತಿಲ್ಲದ ನಡೆ ಬಂದಾಗ ಕೈ ಕಟ್ಟಿಕೊಳ್ಳಿ, ಎರಡು ನಿಮಿಷ ಕೊಡಿ. ಈ ನಡೆ ಏನನ್ನು ಬೆದರಿಸುತ್ತಿದೆ? ಏನನ್ನು ಕಾಯುವುದು ಬಿಟ್ಟಿತು? ಪುಸ್ತಕದ ನಡೆಯಲ್ಲಿ ಇದ್ದ ಯಾವ ಗುಣ ಇದರಲ್ಲಿಲ್ಲ? ಪುಸ್ತಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಕೆಟ್ಟ ನಡೆ ಎಂದುಕೊಂಡು ಅಲ್ಲೇ ಶಿಕ್ಷಿಸಲು ಹೋಗಿ ಸೋತ ಆಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅನುಮಾನವಿದ್ದರೆ ಇನ್ನೊಂದು ಕಾಯಿ ಹೊರತನ್ನಿ.

ಓಪನಿಂಗ್ ಚೆನ್ನಾಗೇ ಆಗುತ್ತೆ, ಆಮೇಲೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ.

ನನಗೆ ಈ ಪ್ರಶ್ನೆ ಕೇಳಿದಾಗ ಖುಷಿಯಾಗುತ್ತದೆ, ಏಕೆಂದರೆ ಇದು ಸರಿಯಾದ ಪ್ರಶ್ನೆ. ನಾನೂ ಹಲವು ವರ್ಷ ಸಿಸಿಲಿಯನ್ ನಾಯ್‌ಡಾರ್ಫ್‌ನ ಕವಲುಗಳನ್ನು ಕಂಠಪಾಠ ಮಾಡಿ, ಹದಿಮೂರನೇ ನಡೆಯ ಹೊತ್ತಿಗೆ ಒಳ್ಳೆಯ ಸ್ಥಿತಿ ತಲುಪಿ, ಇಪ್ಪತ್ತನೇ ನಡೆಯ ಹೊತ್ತಿಗೆ ಅದನ್ನು ಕೈಯಾರೆ ಕೆಡಿಸಿಕೊಳ್ಳುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಕಾಲಾಳುಗಳ ವಿನ್ಯಾಸ.

ಕುದುರೆ, ಒಂಟೆಗಳು ಬಂದು ಹೋಗುತ್ತವೆ, ಕಾಲಾಳುಗಳು ಹಿಂದಕ್ಕೆ ಹೋಗಲಾರವು. ಅವು ನಿಂತ ರೀತಿಯೇ ಮುಂದಿನ ಇಪ್ಪತ್ತು ನಡೆಗಳ ಯೋಜನೆ ಹೇಳುತ್ತದೆ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಸಿ ಕಾಲಾಳು ಡಿ5ರಲ್ಲಿ ವಿನಿಮಯವಾದರೆ ಬಿಳಿಗೆ ಸಿ ಸಾಲು, ಕಪ್ಪಿಗೆ ಇ ಸಾಲು ಅರ್ಧ ತೆರೆಯುತ್ತದೆ. ಬಿಳಿಯ ಯೋಜನೆ: ಬಿ ಕಾಲಾಳನ್ನು ಬಿ4, ಬಿ5 ಎಂದು ತಳ್ಳಿ ಸಿ6ರಲ್ಲಿ ಹೊಡೆಯುವುದು. ಹೊಡೆತದ ನಂತರ ಸಿ6ರಲ್ಲಿ ಒಂದು ಬಡಪಾಯಿ ಕಾಲಾಳು ಉಳಿಯುತ್ತದೆ, ಅದರ ಮೇಲೆ ಆನೆಗಳನ್ನು ಕೂಡಿಸಬಹುದು. ಇದಕ್ಕೆ ಮೈನಾರಿಟಿ ಅಟ್ಯಾಕ್ ಎನ್ನುತ್ತಾರೆ. ಕಪ್ಪು ಅದೇ ಹೊತ್ತಿಗೆ ಇ4ರಲ್ಲಿ ಕುದುರೆ ಕೂರಿಸಿ ಬಿಳಿಯ ರಾಜನ ಕಡೆ ಹೊರಡುತ್ತದೆ.

ಈಗ ಸ್ವಾರಸ್ಯ ನೋಡಿ. ಕಾರೋ-ಕಾನ್‌ನಲ್ಲಿ ಬಿಳಿ ಡಿ5ರಲ್ಲಿ ಹೊಡೆದು ವಿನಿಮಯ ಮಾಡಿಕೊಂಡರೆ ಇದೇ ವಿನ್ಯಾಸ ಬಣ್ಣ ಅದಲುಬದಲಾಗಿ ಬರುತ್ತದೆ. ಈಗ ಬಿ ಕಾಲಾಳು ತಳ್ಳುವ ಸರದಿ ಕಪ್ಪಿನದು. ಒಂದು ವಿನ್ಯಾಸ ಕಲಿತರೆ ನಿಮ್ಮ ಎರಡು ಓಪನಿಂಗ್‌ಗಳಿಗೆ ಒಟ್ಟಿಗೆ ನೀರು ಹರಿಯುತ್ತದೆ. ಇದಾದ ಮೇಲೆ ಒಂಟಿ ಡಿ ಕಾಲಾಳಿನ ವಿನ್ಯಾಸ ಕಲಿಯಿರಿ. ಒಂಟಿ ಕಾಲಾಳು ಇರುವವರು ಕಾಯಿಗಳನ್ನು ಬೋರ್ಡ್ ಮೇಲೆ ಉಳಿಸಿಕೊಂಡು ದಾಳಿ ಮಾಡಬೇಕು, ಎದುರಿನವರು ಅದರ ಮುಂದಿನ ಮನೆಯಲ್ಲಿ ಕುದುರೆ ಕೂರಿಸಿ ಕಾಯಿ ವಿನಿಮಯ ಮಾಡುತ್ತ ಹೋಗಬೇಕು.

ಪ್ರತಿ ಓಪನಿಂಗ್‌ಗೂ ಅದನ್ನು ಆಡುವ ಬಲಿಷ್ಠ ಆಟಗಾರರ ಐದಾರು ಪೂರ್ತಿ ಆಟಗಳನ್ನು ಮೊದಲ ನಡೆಯಿಂದ ಕೊನೆಯವರೆಗೆ ಆಡಿ ನೋಡಿ. ಹನ್ನೆರಡನೇ ನಡೆಗೆ ನಿಲ್ಲಿಸುವ ನೂರು ಕವಲುಗಳಿಗಿಂತ ಇದು ಹೆಚ್ಚು ಕೊಡುತ್ತದೆ.

## ದಿನನಿತ್ಯದ ಅಭ್ಯಾಸ

ದಿನಕ್ಕೆ ಒಂದೇ ಗಂಟೆ ಸಿಗೋದು. ಹೇಗೆ ಹಂಚಿಕೊಳ್ಳಲಿ?

ವಾರದ ಲೆಕ್ಕ ಹಾಕಿಕೊಳ್ಳಿ, ದಿನದ್ದಲ್ಲ. ಏಳು ಗಂಟೆಯಲ್ಲಿ ಎರಡು ಗಂಟೆ ನಿಧಾನದ ಆಟಕ್ಕೆ, ಒಂದೂವರೆ ಗಂಟೆ ಆ ಆಟಗಳ ವಿಶ್ಲೇಷಣೆಗೆ, ಎರಡು ಗಂಟೆ ಪಜಲ್‌ಗಳಿಗೆ, ಉಳಿದದ್ದರಲ್ಲಿ ಅರ್ಧ ಎಂಡ್‌ಗೇಮ್‌ಗೆ, ಅರ್ಧ ಓಪನಿಂಗ್‌ಗೆ. ಓಪನಿಂಗ್‌ಗೆ ಮುಕ್ಕಾಲು ಗಂಟೆ ಬಹಳ ಕಡಿಮೆ ಅನ್ನಿಸಬಹುದು. ಆದರೆ ಆಟದ ವಿಶ್ಲೇಷಣೆಯಲ್ಲೇ ಓಪನಿಂಗ್ ಪಾಠವೂ ಸೇರಿರುತ್ತದೆ: ಎಲ್ಲಿ ದಾರಿ ತಪ್ಪಿತು ಎಂದು ನೋಡಿ, ಅದೊಂದನ್ನೇ ಸರಿಪಡಿಸಿಕೊಂಡರೆ ಆ ವಾರದ ಓಪನಿಂಗ್ ಕೆಲಸ ಮುಗಿಯಿತು.

ದಿನಾ ಇಪ್ಪತ್ತು ಬ್ಲಿಟ್ಸ್ ಆಡ್ತೀನಿ, ವರ್ಷವಾದರೂ ರೇಟಿಂಗ್ ಅಲ್ಲೇ ಇದೆ. ಏಕೆ?

ಬ್ಲಿಟ್ಸ್‌ನಲ್ಲಿ ನಿಮಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಆಡುತ್ತೀರಿ. ಕೆಲವೇ ನಿಮಿಷದ ಆಟದಲ್ಲಿ ಹೊಸದನ್ನು ಯೋಚಿಸಲು ಸಮಯವೇ ಇಲ್ಲ. ತಪ್ಪು ಅಭ್ಯಾಸವೂ ಅಷ್ಟೇ ಗಟ್ಟಿಯಾಗುತ್ತದೆ. ಹಾಗೆಂದು ಪೂರ್ತಿ ಬಿಡಬೇಕಿಲ್ಲ, ಹೊಸ ಓಪನಿಂಗ್ ರುಚಿ ನೋಡಲು ಅದು ಒಳ್ಳೆಯ ಜಾಗ. ಐದು ಆಟ ಆಡಿ, ಪ್ರತಿ ಆಟದ ನಂತರ ಎರಡು ನಿಮಿಷ ಓಪನಿಂಗ್ ಮಾತ್ರ ಪರೀಕ್ಷಿಸಿ, ಎದ್ದುಬಿಡಿ. ಸೋತ ಸಿಟ್ಟಿನಲ್ಲಿ ಇನ್ನೊಂದು ಆಟ ಬೇಡವೇ ಬೇಡ. ವಾರಕ್ಕೆ ಎರಡಾದರೂ ಆಟ ಒಬ್ಬೊಬ್ಬರಿಗೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಇರುವಂಥದ್ದಾಗಿರಲಿ.

ಪಜಲ್ ರೇಟಿಂಗ್ ತುಂಬಾ ಮೇಲಿದೆ, ಆಟದಲ್ಲಿ ಮಾತ್ರ ಏನೂ ಕಾಣಲ್ಲ. ಏನಿದರ ಕಥೆ?

ಪಜಲ್‌ನಲ್ಲಿ ‘ಇಲ್ಲಿ ಏನೋ ಇದೆ’ ಎಂದು ಮೊದಲೇ ಹೇಳಿರುತ್ತಾರೆ. ಆಟದಲ್ಲಿ ಆ ಸುಳಿವು ಕೊಡುವವರು ಯಾರೂ ಇಲ್ಲ. ಪ್ರತಿ ನಡೆಯಲ್ಲೂ ಚೆಕ್‌ಗಳು, ಹೊಡೆತಗಳು, ಬೆದರಿಕೆಗಳು ಎಂಬ ಸರದಿಯಲ್ಲಿ ನಿಮ್ಮದನ್ನೂ ಎದುರಾಳಿಯದನ್ನೂ ಹುಡುಕುವ ಶಿಸ್ತು ತಂದುಕೊಳ್ಳಿ. ಪಜಲ್ ಬಿಡಿಸುವಾಗಲೂ ಊಹೆಯಿಂದ ಮೊದಲ ನಡೆ ಒತ್ತಿ ನೋಡುವುದು ಬಿಡಿ. ಕೊನೆಯ ನಡೆವರೆಗೆ ತಲೆಯಲ್ಲಿ ಕಂಡ ಮೇಲೆಯೇ ಕೈ ಹಾಕಿ. ಹತ್ತು ನಿಮಿಷಕ್ಕೆ ಒಂದೇ ಪಜಲ್ ಆದರೂ ಪರವಾಗಿಲ್ಲ.

ಸೋತ ಆಟ ಎಂಜಿನ್‌ಗೆ ಹಾಕಿ ತಪ್ಪು ನೋಡಿಕೊಂಡರೆ ಸಾಲದಾ?

ಸಾಲದು. ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಉಚಿತವಾಗಿ ಸಿಗುತ್ತದೆ, ಯಾವ ಮನುಷ್ಯನಿಗಿಂತಲೂ ಬಲವಾಗಿ ಆಡುತ್ತದೆ. ಆದರೆ ನೀವು ಆ ಕ್ಷಣದಲ್ಲಿ ಏನು ಯೋಚಿಸಿದ್ದಿರಿ ಎಂದು ಅದಕ್ಕೆ ಗೊತ್ತಿಲ್ಲ. ಆಟ ಮುಗಿದ ದಿನವೇ ಎಂಜಿನ್ ಇಲ್ಲದೆ ಕೂತು, ಅನುಮಾನವಿದ್ದ ಮೂರು ನಾಲ್ಕು ಜಾಗಗಳಲ್ಲಿ ಏನು ನೋಡಿದಿರಿ, ಏನಕ್ಕೆ ಹೆದರಿದಿರಿ, ಯಾವ ನಡೆ ಬಿಟ್ಟಿರಿ ಎಂದು ಮಾತಿನಲ್ಲಿ ಬರೆದುಕೊಳ್ಳಿ. ಆಮೇಲೆ ಎಂಜಿನ್ ಹಾಕಿ ಹೋಲಿಸಿ. 1948ರಲ್ಲಿ ವಿಶ್ವ ಚಾಂಪಿಯನ್ ಆದ ಬೊಟ್ವಿನಿಕ್ ತಮ್ಮ ಆಟಗಳನ್ನು ತಾವೇ ಕಠೋರವಾಗಿ ವಿಶ್ಲೇಷಿಸುವುದನ್ನು ತರಬೇತಿಯ ಬುನಾದಿ ಎಂದೇ ನಂಬಿದ್ದರು. ಎಂಜಿನ್ ಇಲ್ಲದ ಕಾಲದ ಆ ಪದ್ಧತಿ ಇವತ್ತಿಗೂ ಸವೆದಿಲ್ಲ.

ಇಪ್ಪತ್ತು ಆಟಗಳ ಟಿಪ್ಪಣಿ ಸೇರಿದಾಗ ಒಂದೇ ತಪ್ಪು ನಾಲ್ಕಾರು ಕಡೆ ಕಣ್ಣಿಗೆ ಬೀಳುತ್ತದೆ. ಒಬ್ಬರಿಗೆ ಗೆಲ್ಲುವ ಸ್ಥಿತಿಯಲ್ಲಿ ಅವಸರ, ಇನ್ನೊಬ್ಬರಿಗೆ ಎದುರಾಳಿಯ ಹಿಂದಕ್ಕೆ ಹೋಗುವ ಕುದುರೆ ನಡೆ ಕಾಣುವುದಿಲ್ಲ. ಮುಂದಿನ ತಿಂಗಳು ಏನು ಓದಬೇಕು ಎಂದು ಆ ಪುಟಗಳೇ ಹೇಳುತ್ತವೆ.

ಎಂಡ್‌ಗೇಮ್ ಓದೋಕೆ ಬೇಜಾರು. ಬೇಕೇ ಬೇಕಾ?

ಬೇಕು, ಆದರೆ ಸ್ವಲ್ಪವೇ ಸಾಕು. ರಾಜ-ಕಾಲಾಳು ವಿರುದ್ಧ ರಾಜ: ನಿಮ್ಮ ರಾಜ ಕಾಲಾಳಿನ ಮುಂದೆ ಆರನೇ ಸಾಲು ತಲುಪಿದ್ದರೆ, ಅಂಚಿನ ಕಾಲಾಳು ಬಿಟ್ಟು ಉಳಿದ ಯಾವುದೇ ಆದರೂ ನಡೆ ಯಾರದೇ ಇರಲಿ ಗೆಲುವು. ಆನೆಗಳ ಎಂಡ್‌ಗೇಮ್‌ನಲ್ಲಿ ಒಂದು ಕಾಲಾಳು ಹೆಚ್ಚಿರುವವರು ಗೆಲ್ಲಲು ಲುಸೆನಾ ಸ್ಥಿತಿ, ಕಡಿಮೆ ಇರುವವರು ಡ್ರಾ ಮಾಡಲು ಫಿಲಿಡೋರ್ ಸ್ಥಿತಿ. ಈ ಮೂರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆಡುವಂತಿರಬೇಕು. ಯಾವ ವಿನಿಮಯ ಮಾಡಿಕೊಳ್ಳಬಹುದು, ಯಾವುದು ಬೇಡ ಎಂಬ ತೀರ್ಮಾನ ಮಧ್ಯದ ಆಟದಲ್ಲೇ ಸುಲಭವಾಗುತ್ತದೆ.

## ಟೂರ್ನಿ ಆಡುವವರಿಗೆ

ನಾಳೆ ಮೊದಲ ಟೂರ್ನಿ. ರಾತ್ರಿ ಯಾವ ಓಪನಿಂಗ್ ನೋಡಿಕೊಳ್ಳಲಿ?

ಹೊಸದು ಏನೂ ಬೇಡ. ಗೊತ್ತಿರುವುದನ್ನು ಅರ್ಧ ಗಂಟೆ ಕಣ್ಣಾಡಿಸಿ ಮಲಗಿ. ಮುಟ್ಟಿದ ಕಾಯಿಯನ್ನೇ ಆಡಬೇಕು, ನಿಧಾನದ ಆಟದಲ್ಲಿ ಪ್ರತಿ ನಡೆ ಬರೆಯಬೇಕು, ಮೊಬೈಲ್ ಜೊತೆಗಿರಬಾರದು ಎಂಬ ನಿಯಮಗಳನ್ನು ಮರೆಯಬೇಡಿ.

ಎದುರಾಳಿಯ ಹಳೆ ಆಟಗಳು ಡೇಟಾಬೇಸ್‌ನಲ್ಲಿ ಸಿಕ್ಕಿವೆ. ಹೇಗೆ ತಯಾರಿ ಮಾಡಲಿ?

ಮೊದಲು ಅವರ ಸೋತ ಆಟಗಳನ್ನು ನೋಡಿ. ಯಾವ ಓಪನಿಂಗ್‌ನಲ್ಲಿ ಸೋತರು ಎನ್ನುವುದಕ್ಕಿಂತ ಎಂಥ ಸ್ಥಿತಿಯಲ್ಲಿ ತಡವರಿಸಿದರು ಎಂಬುದನ್ನು ಗಮನಿಸಿ. 2000ರಲ್ಲಿ ಲಂಡನ್ ನಗರದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕಾಸ್ಪರೋವ್ ವಿರುದ್ಧ ನಡೆದ ಪಂದ್ಯದಲ್ಲಿ ಕ್ರಾಮ್ನಿಕ್ ಮಾಡಿದ್ದು ಇದನ್ನೇ. ಕಾಸ್ಪರೋವ್ ದಾಳಿಯಲ್ಲಿ ಅಪಾಯಕಾರಿ, ಹಾಗಾಗಿ ಕ್ರಾಮ್ನಿಕ್ ಕಪ್ಪಿನಲ್ಲಿ ಬರ್ಲಿನ್ ಡಿಫೆನ್ಸ್ ತಂದರು. ಅದರ ಮುಖ್ಯ ದಾರಿಯಲ್ಲಿ ಎಂಟನೇ ನಡೆಗೇ ರಾಣಿಗಳು ವಿನಿಮಯವಾಗಿ ಹೋಗುತ್ತವೆ. ಕಾಸ್ಪರೋವ್‌ಗೆ ಇಡೀ ಪಂದ್ಯದಲ್ಲಿ ಒಂದು ಆಟವೂ ಗೆಲ್ಲಲಾಗಲಿಲ್ಲ. ಕ್ರಾಮ್ನಿಕ್ 8.5–6.5ರಿಂದ ಪಟ್ಟ ಗೆದ್ದರು.

ನಮ್ಮ ಮಟ್ಟಕ್ಕೆ ಒಂದು ಎಚ್ಚರಿಕೆ. ಎದುರಾಳಿಗಾಗಿ ನಿಮಗೆ ಪರಿಚಯವೇ ಇಲ್ಲದ ಓಪನಿಂಗ್ ಆಡಲು ಹೋಗಬೇಡಿ. ನೀವು ಆಡುವ ಓಪನಿಂಗ್‌ನೊಳಗೇ ಅವರಿಗೆ ಇಷ್ಟವಾಗದ ಕವಲನ್ನು ಆರಿಸಿ.

ಓಪನಿಂಗ್ ಫೈಲ್ ಮಾಡ್ತಾ ಮಾಡ್ತಾ ಕಾಡಾಗಿದೆ. ಹೇಗೆ ಇಟ್ಟುಕೊಳ್ಳಬೇಕು?

ನಿಮ್ಮ ಸರದಿ ಬಂದಲ್ಲೆಲ್ಲ ಒಂದೇ ನಡೆ ಇಡಿ. ಎದುರಾಳಿಯ ನಡೆಗಳಲ್ಲಿ ಮಾತ್ರ ಕವಲು ಇರಲಿ. ಕೊನೆಯಲ್ಲಿ ಎಂಜಿನ್ ಅಂಕಿ ಬರೆದು ಬಿಡಬೇಡಿ, ‘ಎಫ್ ಸಾಲಿಗೆ ಆನೆ, ಕುದುರೆ ಇ5ಕ್ಕೆ, ಕಪ್ಪು ಮನೆಗಳ ಒಂಟೆ ವಿನಿಮಯವಾಗಬೇಕು’ ಎಂಬಂತೆ ಯೋಜನೆ ಬರೆಯಿರಿ. ಎಂಜಿನ್ ಎರಡು ನಡೆಗಳಿಗೆ 0.20 ಅಂತರ (ಒಂದು ಕಾಲಾಳಿನ ಬೆಲೆಯ ಐದನೇ ಒಂದು ಭಾಗ) ತೋರಿಸಿದರೆ ನಿಮಗೆ ಅರ್ಥವಾಗುವ ನಡೆಯನ್ನೇ ಆರಿಸಿಕೊಳ್ಳಿ. ಲಿಚೆಸ್‌ನಂಥ ಉಚಿತ ತಾಣದಲ್ಲಿ ನಿಮ್ಮ ಮಟ್ಟದ ಆಟಗಾರರು ಆ ಸ್ಥಿತಿಯಲ್ಲಿ ನಿಜವಾಗಿ ಏನು ಆಡುತ್ತಾರೆ ಎಂದು ನೋಡಬಹುದು. ಅಪರೂಪದ ಕವಲುಗಳನ್ನು ಕತ್ತರಿಸಿ ಹಾಕಲು ಅದೇ ಒಳ್ಳೆಯ ಅಳತೆಗೋಲು.

ಸೋಲುತ್ತಾ ಇದೀನಿ. ಓಪನಿಂಗ್ ಬದಲಾಯಿಸಲಾ?

ಸೋತ ಆಟಗಳಲ್ಲಿ ಹದಿನೈದನೇ ನಡೆಯ ಸ್ಥಿತಿ ನೋಡಿ. ಅಲ್ಲಿವರೆಗೆ ನೀವು ಸಮ ಇದ್ದರೆ ಓಪನಿಂಗ್ ಮೇಲೆ ತಪ್ಪು ಹೊರಿಸುವಂತಿಲ್ಲ. ಮೂವತ್ತು ನಿಧಾನದ ಆಟ ಆಡುವ ಮುಂಚೆ ಯಾವ ಓಪನಿಂಗನ್ನೂ ಬಿಡಬೇಡಿ.

ಬಲಿತ ಆಟಗಾರರು ಬದಲಾಯಿಸುವುದು ಬೇರೆ ಕಾರಣಕ್ಕೆ. ಬಹುತೇಕ ಇ4 ಒಂದನ್ನೇ ಆಡುತ್ತ ಬಂದಿದ್ದ ಫಿಶರ್ 1972ರ ವಿಶ್ವ ಪಂದ್ಯದ ಆರನೇ ಆಟದಲ್ಲಿ ಸಿ4 ಆಡಿ, ಕ್ವೀನ್ಸ್ ಗ್ಯಾಂಬಿಟ್‌ಗೆ ಹೊರಳಿ, ಸ್ಪಾಸ್ಕಿಯವರನ್ನು ಸೋಲಿಸಿದರು. 2008ರಲ್ಲಿ ಬಾನ್ ನಗರದ ವಿಶ್ವ ಪಂದ್ಯದಲ್ಲಿ ಆನಂದ್ ಅವರೂ ಕ್ರಾಮ್ನಿಕ್ ವಿರುದ್ಧ ಬಿಳಿಯಲ್ಲಿ ಡಿ4ಗೆ ಹೊರಳಿದರು. ಕಪ್ಪಿನಲ್ಲಿ ಮೂರನೇ ಮತ್ತು ಐದನೇ ಆಟಗಳಲ್ಲಿ ಮೆರಾನ್ ಎಂಬ ಓಪನಿಂಗ್‌ನ ಒಂದೇ ತೀಕ್ಷ್ಣ ಕವಲನ್ನು ಆಡಿ ಎರಡನ್ನೂ ಗೆದ್ದರು. ಇಬ್ಬರೂ ಬದಲಾಯಿಸಿದ್ದು ಹೊಸ ದಾರಿಯನ್ನು ಮನೆಯಲ್ಲಿ ಮೊದಲೇ ಹದ ಮಾಡಿಕೊಂಡ ಮೇಲೆ.

ಒಂದೇ ಟೂರ್ನಿಯಲ್ಲಿ 60 ಪಾಯಿಂಟ್ ಹೋಯ್ತು. ಹಿಂದಕ್ಕೆ ಹೋಗ್ತಾ ಇದೀನಾ?

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ ಲೆಕ್ಕದಲ್ಲಿ ಹೊಸ ಆಟಗಾರರಿಗೆ ಮೊದಲ 30 ಆಟಗಳವರೆಗೆ ಗುಣಕ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದು ಎಂಬ ಅಳತೆ) 40, ಆಮೇಲೆ 2400 ತಲುಪುವವರೆಗೆ ಸಾಮಾನ್ಯವಾಗಿ 20. ಗುಣಕ 40 ಇದ್ದಾಗ ಸಮಬಲದವರ ಎದುರು ಒಂದು ಸೋಲಿಗೇ 20 ಪಾಯಿಂಟ್ ಹೋಗುತ್ತದೆ, ಮೂರು ಸೋಲಿಗೆ 60. ಹಾಗೆಯೇ ನಿಮಗಿಂತ 200 ಪಾಯಿಂಟ್ ಕೆಳಗಿನವರ ವಿರುದ್ಧ ನಾಲ್ಕು ಆಟ ಆಡಿದರೆ ನಿರೀಕ್ಷೆ ಸುಮಾರು ಮೂರು ಅಂಕ. ಅಂದರೆ ಒಂದು ಸೋಲು ಲೆಕ್ಕದೊಳಗೇ ಇದೆ. ಆ ಟೂರ್ನಿಯ ಸೋತ ಆಟಗಳ ನಡೆ ಬರೆದ ಹಾಳೆಗಳು ನಿಮ್ಮ ಬಳಿ ಇದ್ದೇ ಇರುತ್ತವೆ. ಈ ವಾರ ಹೊಸ ಆಟ ಆಡಬೇಡಿ, ಅವನ್ನು ತೆಗೆದುಕೊಂಡು ಬೋರ್ಡ್ ಮುಂದೆ ಕೂತುಕೊಳ್ಳಿ.